ಗೆಳೆಯನ ಕೋವಿಗೆ ಹೆಸರು ಕೆತ್ತಿಸುವ ಮುನ್ನ: ಪುಣೆ ಕನ್ನಡಿಗರಿಗೊಂದು ಮಾರ್ಗದರ್ಶಿ

ಕೊಡವರ ಆಯುಧಪೂಜೆಯ ಹಬ್ಬ, ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹತ್ತಿರ ಬಂದಾಗ, ಇಲ್ಲವೇ ವಾನವಡಿ, ಖಡ್ಕಿ ಕಡೆಯ ಯಾರಾದರೂ ಸೇನೆಯಿಂದ ನಿವೃತ್ತರಾದಾಗ ಒಂದೇ ಪ್ರಶ್ನೆ ತಿರುಗಿ ತಿರುಗಿ ಬರುತ್ತದೆ. ‘ಕೊಡಗಿನ ಗೆಳೆಯನಿಗೆ ಅವನ ಹೆಸರು ಕೆತ್ತಿಸಿದ ಕೋವಿ ಉಡುಗೊರೆ ಕೊಡಬೇಕು. ಪುಣೆಯಲ್ಲಿ ಎಲ್ಲಿ ಮಾಡಿಸುವುದು, ಹೇಗೆ ಮಾಡಿಸುವುದು?’ ಕೇಳುವವರಲ್ಲಿ ಹೆಚ್ಚಿನವರು ನೇರ ಕೆತ್ತನೆಯವನ ವಿಳಾಸವನ್ನೇ ಕೇಳುತ್ತಾರೆ. ಆದರೆ ವಿಳಾಸ ಬೇಕಾಗುವುದು ನಾಲ್ಕನೇ ಹಂತದಲ್ಲಿ. ಅದಕ್ಕೆ ಮೊದಲಿನ ಮೂರನ್ನು ಹಾರಿಸಿದರೆ ಉಡುಗೊರೆ ಪೊಲೀಸ್ ಠಾಣೆಯ ಮಾಲ್‌ಖಾನೆ ಸೇರುವ ಸಾಧ್ಯತೆಯೇ ಹೆಚ್ಚು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೊಸ ಕೋವಿ ಕೊಡಿಸುವುದಕ್ಕಿಂತ ಗೆಳೆಯನ ಬಳಿ ಈಗಾಗಲೇ ಇರುವ ಕೋವಿಗೆ ಒಂದು ಬೆಳ್ಳಿ ಫಲಕ ಕೂರಿಸಿಕೊಡುವುದು ಒಳ್ಳೆಯ ಉಡುಗೊರೆ. ಕಾಗದದ ರಗಳೆ ಕಡಿಮೆ, ಖರ್ಚೂ ಕಡಿಮೆ. ಅವನು ಮೈಗೂಡಿಸಿಕೊಂಡ ಕೋವಿ ಅವನ ಕೈಯಲ್ಲೇ ಉಳಿಯುತ್ತದೆ. ಈ ಲೇಖನ ಹೆಚ್ಚಾಗಿ ಅದರ ಬಗ್ಗೆಯೇ. ಹೊಸದನ್ನೇ ಕೊಡುತ್ತೇನೆಂದು ಹಟ ಹಿಡಿದವರಿಗೂ ಬೇಕಾದಷ್ಟನ್ನು ನಡುನಡುವೆ ಹೇಳಿದ್ದೇನೆ.

ಬೇಕಾಗುವುದು ಇಷ್ಟು: ಗೆಳೆಯನ ಲೈಸೆನ್ಸ್ ಅಥವಾ ವಿನಾಯಿತಿ ಪತ್ರದ ಪ್ರತಿ, ಕೋವಿಯ ನಾಲ್ಕಾರು ಫೋಟೊ, ದುರಸ್ತಿಯ ಪರವಾನಗಿ ಇರುವ ಕೋವಿ ಅಂಗಡಿ, ಒಬ್ಬ ಅಕ್ಕಸಾಲಿಗ, ಮತ್ತು ಕನಿಷ್ಠ ಎರಡು ತಿಂಗಳ ಸಮಯ.

1. ಕಾಗದ ನೋಡಿ

ನಮ್ಮಲ್ಲಿ ಕೋವಿಯ ವ್ಯವಹಾರವೆಲ್ಲ ನಡೆಯುವುದು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳ ಅಡಿಯಲ್ಲಿ. ಗೆಳೆಯ ಯಾವ ದಾರಿಯಿಂದ ಕೋವಿ ಇಟ್ಟುಕೊಂಡಿದ್ದಾನೆ ಎಂಬುದು ಮೊದಲು ತಿಳಿಯಬೇಕು. ಲೈಸೆನ್ಸ್ ಇದ್ದರೆ ಅದರ ಮೇಲೆ ಯುಐಎನ್ ಇರುತ್ತದೆ, ಅಂದರೆ ರಾಷ್ಟ್ರೀಯ ದತ್ತಾಂಶದಲ್ಲಿ ಆ ಲೈಸೆನ್ಸ್‌ದಾರನಿಗೆ ಕೊಟ್ಟ ಸಂಖ್ಯೆ. ಜೊತೆಗೆ ಕೋವಿಯ ಬಗೆ, ಬೋರ್ ಮತ್ತು ಕ್ರಮಸಂಖ್ಯೆ ನಮೂದಾಗಿರುತ್ತದೆ. ಬೋರ್ ಎಂದರೆ ನಳಿಗೆಯ ಒಳಅಳತೆ. ಕಾಗದದ ಮೇಲಿನ ಸಂಖ್ಯೆಗೂ ಕೋವಿಯ ಮೇಲಿನ ಸಂಖ್ಯೆಗೂ ಒಂದಕ್ಷರ ವ್ಯತ್ಯಾಸವಿದ್ದರೂ ಕೆಲಸ ಅಲ್ಲೇ ನಿಲ್ಲಿಸಿ. ಮೊದಲು ಅದನ್ನು ಸರಿಪಡಿಸಿಕೊಳ್ಳುವುದು ಗೆಳೆಯನ ಕೆಲಸ.

ಗೆಳೆಯ ಕೊಡವನಾಗಿದ್ದರೆ, ಅಥವಾ ಕೊಡಗಿನ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿಯ) ಹಿಡುವಳಿದಾರನಾಗಿದ್ದರೆ, ಲೈಸೆನ್ಸ್ ಇಲ್ಲದೆಯೇ ಕೋವಿ ಇರಬಹುದು. ಬ್ರಿಟಿಷರ ಕಾಲದಿಂದ ಬಂದ ಈ ವಿನಾಯಿತಿಯನ್ನು ಕೇಂದ್ರ ಗೃಹ ಸಚಿವಾಲಯ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ ವಿಸ್ತರಿಸಿದೆ. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ವಿನಾಯಿತಿ ಪತ್ರ ಕೊಡುವುದು ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿ. ಇಲ್ಲಿ ಒಂದು ತಪ್ಪುಕಲ್ಪನೆ ಬಲವಾಗಿದೆ: ‘ಅವರಿಗೆ ಏನೂ ಬೇಕಿಲ್ಲವಂತೆ, ನಾವು ಕೊಂಡುಕೊಟ್ಟರಾಯಿತು.’ ವಿನಾಯಿತಿ ಇರುವುದು ಅವನಿಗೆ, ನಿಮಗಲ್ಲ. ಅವನಿಗೂ ಜಿಲ್ಲೆಯ ಹೊರಗೆ ಎಷ್ಟು ಕೋವಿ, ಎಷ್ಟು ತೋಟಾ (ಕಾಡತೂಸು) ಇಟ್ಟುಕೊಳ್ಳಬಹುದೆಂಬ ಮಿತಿಯಿದೆ. ಪುಣೆಯ ಫ್ಲಾಟಿನಲ್ಲಿ ಕೋವಿ ಇಟ್ಟುಕೊಳ್ಳುವ ಗೆಳೆಯ ಆ ಷರತ್ತನ್ನು ಓದಿರಬೇಕು.

ಹೊಸ ಕೋವಿ ಕೊಡುವವರಿಗೆ: ಅಂಗಡಿಯಲ್ಲಿ ಖರೀದಿದಾರ ಗೆಳೆಯನೇ ಆಗಿರಬೇಕು, ಕೋವಿ ನೇರ ಅವನ ಲೈಸೆನ್ಸಿಗೇ ಏರಬೇಕು. ನೀವು ಕೊಡುವುದು ಹಣ ಮಾತ್ರ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಕೋವಿಯ ಮಿತಿ (ಮೊದಲು ಮೂರಿತ್ತು). ಕ್ರೀಡಾಪಟುಗಳಂಥ ಕೆಲವರಿಗೆ ಮಾತ್ರ ಬೇರೆ ಲೆಕ್ಕ. ಅವನ ಲೈಸೆನ್ಸಿನಲ್ಲಿ ಜಾಗವೇ ಇಲ್ಲದಿದ್ದರೆ ಉಡುಗೊರೆಯ ಮಾತೇ ಇಲ್ಲ.

ನಿಮ್ಮದೇ ಲೈಸೆನ್ಸಿನ ಕೋವಿಯನ್ನು ಅವನಿಗೆ ಬಿಟ್ಟುಕೊಡುವುದಾದರೆ ಕಾಯ್ದೆಯ 5ನೇ ಕಲಮು ನೋಡಿ. ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣಾಧಿಕಾರಿಗೆ, ಯಾರಿಗೆ ಕೊಡುತ್ತೀರೆಂಬ ಹೆಸರು ವಿಳಾಸದೊಂದಿಗೆ ಬರಹದಲ್ಲಿ ತಿಳಿಸಬೇಕು. ಆಮೇಲೆ ಕನಿಷ್ಠ 45 ದಿನ ಕಳೆಯಬೇಕು. ಪುಣೆ, ಪಿಂಪ್ರಿ-ಚಿಂಚವಡ, ಮುಂಬಯಿಯಂಥ ಕಮಿಷನರೇಟ್ ಊರುಗಳಲ್ಲಿ ದಂಡಾಧಿಕಾರಿಯ ಜಾಗದಲ್ಲಿ ಪೊಲೀಸ್ ಆಯುಕ್ತರು ಬರುತ್ತಾರೆ. ಗೋವಾದಲ್ಲಿ ಕಲೆಕ್ಟರ್ ಕಚೇರಿಗೆ ಹೋಗಬೇಕು. ಸ್ವೀಕೃತಿಯ ಮೊಹರು ಬಿದ್ದ ಪ್ರತಿಯನ್ನು ಜೋಪಾನವಾಗಿಡಿ, ಯಾಕೆಂದರೆ ಎಣಿಕೆ ಶುರುವಾಗುವುದು ಆ ತಾರೀಖಿನಿಂದ.

2. ಎಲ್ಲಿ ಕೆತ್ತಿಸಬಹುದು, ಎಲ್ಲಿ ಕೂಡದು

ಕೋವಿಯ ಮೇಲೆ ಮುಟ್ಟಲೇಬಾರದ ಬರಹಗಳು ಮೂರು: ತಯಾರಕರ ಹೆಸರು, ಕ್ರಮಸಂಖ್ಯೆ, ಪ್ರೂಫ್ ಮುದ್ರೆ. ನಳಿಗೆ ಎಷ್ಟು ಒತ್ತಡ ತಾಳುತ್ತದೆಂದು ಹೆಚ್ಚು ಮದ್ದು ಹಾಕಿ ಪರೀಕ್ಷಿಸಿದ ಮೇಲೆ ಒತ್ತುವ ಗುರುತಿಗೆ ಪ್ರೂಫ್ ಮುದ್ರೆ ಎನ್ನುತ್ತಾರೆ. 8ನೇ ಕಲಮಿನ ಪ್ರಕಾರ ಹೆಸರು, ಸಂಖ್ಯೆ, ಗುರುತಿನ ಚಿಹ್ನೆ ಯಾವುದನ್ನೂ ಅಳಿಸುವಂತಿಲ್ಲ, ಬದಲಿಸುವಂತಿಲ್ಲ. ಅಳಿಸಿದ ಕೋವಿ ಯಾರ ಬಳಿ ಸಿಕ್ಕಿತೋ ಅವರೇ ಅಳಿಸಿದರೆಂದು ಕಾನೂನು ಊಹಿಸುತ್ತದೆ, ಅಲ್ಲವೆಂದು ಸಾಬೀತು ಮಾಡುವ ಹೊಣೆ ಅವರದೇ. ನಿಮ್ಮ ಕೆತ್ತನೆಯವ ‘ಸ್ವಲ್ಪ ಪಾಲಿಶ್ ಮಾಡಿದೆ ಸಾಹೇಬ್’ ಎಂದು ಸಂಖ್ಯೆಯ ಅಂಚು ಸವೆಸಿದರೆ ಅನುಭವಿಸುವವನು ನಿಮ್ಮ ಗೆಳೆಯ.

ಉಳಿದಂತೆ ಎಲ್ಲಕ್ಕಿಂತ ಸುರಕ್ಷಿತ ಜಾಗ ಸ್ಟಾಕ್, ಅಂದರೆ ಭುಜಕ್ಕೆ ಆನಿಸುವ ಮರದ ಭಾಗ. ಅದರಲ್ಲೂ ಕೆಳಗಿನ ಅಂಚು, ಹಿಡಿಗೂ ಹಿಂತುದಿಗೂ ನಡುವೆ. ಹಳೆಯ ಇಂಗ್ಲಿಷ್ ಜೋಡಿ ನಳಿಗೆ ಕೋವಿಗಳಲ್ಲಿ ಒಡೆಯನ ಹೆಸರಿನ ಮೊದಲಕ್ಷರ ಹೊತ್ತ ಚಿಕ್ಕ ಅಂಡಾಕಾರದ ಫಲಕ ಇರುವುದು ಅಲ್ಲೇ. ಭುಜಕ್ಕಿಟ್ಟಾಗ ಕೆನ್ನೆಗೆ ತಾಗುವುದಿಲ್ಲ, ಗೋಡೆಗೆ ಆನಿಸಿದಾಗ ಗೀರಾಗುವುದಿಲ್ಲ.

ಹಿಡಿಯ ಹತ್ತಿರದ ತೆಳು ಭಾಗ ಬೇಡವೇ ಬೇಡ. ಕೋವಿ ಒದೆಯುವಾಗ ಬಲವೆಲ್ಲ ಆ ಕುತ್ತಿಗೆಯ ಮೂಲಕ ಹಾಯುತ್ತದೆ. ಹಳೆಯ ಕೋವಿಗಳಲ್ಲಿ ಬಿರುಕು ಮೊದಲು ಕಾಣುವುದೂ ಅಲ್ಲಿಯೇ. ಅಲ್ಲಿ ಮರ ಕೊರೆಸುವುದೆಂದರೆ ಬಿರುಕಿಗೆ ನೀವೇ ದಾರಿ ಮಾಡಿಕೊಟ್ಟಂತೆ.

ಟ್ರಿಗರ್ ಹಗುರ ಮಾಡಿಸುವುದು, ನಳಿಗೆ ಮೊಟಕು ಮಾಡಿಸುವುದು ಇದೇ ನೆಪದಲ್ಲಿ ಕೇಳಿಬರುವ ಮಾತುಗಳು. ಮೊದಲನೆಯದು ಅಪಾಯ, ಎರಡನೆಯದು 6ನೇ ಕಲಮಿನಡಿ ಅಪರಾಧ.

3. ಅಕ್ಷರ ಬರೆಸುವುದು

ಕೆಲಸ ಹೆಚ್ಚಾಗಿ ಕೆಡುವುದು ಇಲ್ಲಿ. ಪುಣೆಯ ಕೆತ್ತನೆಗಾರರ ಕೈ ದೇವನಾಗರಿಗೆ ಪಳಗಿದೆ. ಕನ್ನಡವನ್ನು ಅವರು ಓದುವುದಿಲ್ಲ, ಚಿತ್ರದಂತೆ ನಕಲು ಮಾಡುತ್ತಾರೆ. ನಕಲಿಗೆ ಕೊಟ್ಟ ಮೂಲದಲ್ಲಿ ಎಷ್ಟು ಸ್ಪಷ್ಟತೆ ಇದೆಯೋ ಲೋಹದ ಮೇಲೂ ಅಷ್ಟೇ.

ಮೊದಲು ಮಹಾಪ್ರಾಣ. ‘ಭ’ದ ಕೆಳಗಿನ ಚಿಕ್ಕ ಸೀಳು, ‘ಧ’ದ ಹೊಟ್ಟೆಯಡಿಯ ಗೀಟು ಕನ್ನಡ ಬಾರದ ಕಣ್ಣಿಗೆ ಮುದ್ರಣದ ಕೊಳೆಯಂತೆ ಕಾಣುತ್ತದೆ, ಅವರು ಅದನ್ನು ‘ಸ್ವಚ್ಛ’ ಮಾಡಿಬಿಡುತ್ತಾರೆ. ಭೀಮಯ್ಯ ಬೀಮಯ್ಯನಾಗುತ್ತಾನೆ. ‘ಪ’ದೊಳಗೆ ಒಂದು ಗೆರೆ ಹೆಚ್ಚಾದರೆ ‘ಷ’. ಈ ಜೋಡಿಗಳನ್ನು ಕಾಗದದ ಮೇಲೆ ಕೆಂಪು ಶಾಯಿಯಲ್ಲಿ ಸುತ್ತಿ ತೋರಿಸಿ.

ಆಮೇಲೆ ಒತ್ತಕ್ಷರ. ‘ತಿಮ್ಮಯ್ಯ’ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಮೇಲೆ ಮೂರಕ್ಷರ, ಕೆಳಗೆ ಎರಡು ಒತ್ತು, ತಿಮ್ಮಯ್ಯನ ‘ತಿ’ಗೆ ಮೇಲೊಂದು ಗುಡಿಸು. ಒಂದಂಗುಲ ಅಗಲದ ಅಂಡಾಕಾರದಲ್ಲಿ ಇಷ್ಟನ್ನೂ ತುರುಕಿದರೆ ಒತ್ತುಗಳ ಒಳಗಿನ ಖಾಲಿ ಜಾಗ ಮುಚ್ಚಿಹೋಗುತ್ತದೆ. ಹತ್ತು ಸಲ ಪಾಲಿಶ್ ಆದಮೇಲೆ ಉಳಿಯುವುದು ಬರೀ ಚುಕ್ಕೆ. ಒತ್ತಿರುವ ಹೆಸರಾದರೆ ಮೂಲ ಅಕ್ಷರ 4 ಮಿಲಿಮೀಟರಿಗಿಂತ ಚಿಕ್ಕದಾಗದಂತೆ ನೋಡಿಕೊಳ್ಳಿ ಎನ್ನುವುದು ನನ್ನ ಲೆಕ್ಕ. ಜಾಗ ಸಾಲದಿದ್ದರೆ ಮೊದಲಕ್ಷರಗಳಿಗೆ ಇಳಿಯಿರಿ. ಕೊಡವರಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಮೊದಲು ಬರುತ್ತದೆ ಎಂಬುದು ನೆನಪಿರಲಿ. ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪ ಎಂಬಲ್ಲಿ ‘ಕೆ’ ಎಂದರೆ ಕೊಡಂದೇರ, ‘ಎಂ’ ಎಂದರೆ ಮಾದಪ್ಪ. ಗೆಳೆಯ ತನ್ನ ಒಕ್ಕದ ಹೆಸರನ್ನು ಹೇಗೆ ಬರೆಯುತ್ತಾನೆ, ಹ್ರಸ್ವವೋ ದೀರ್ಘವೋ, ಅವನ ಮನೆಯವರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಊಹೆ ಬೇಡ.

ಫಾಂಟಿನ ವಿಷಯ. ವಾಟ್ಸಾಪಿನಲ್ಲಿ ಹೆಸರು ಟೈಪಿಸಿ ಕಳಿಸಿದರೆ ಅವರ ಕಂಪ್ಯೂಟರಿನಲ್ಲಿ ಒತ್ತು ಪಕ್ಕಕ್ಕೆ ಸರಿದು ಕೂರಬಹುದು. ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಾದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವೇ ಕಾಣುತ್ತದೆ. ಡಿಟಿಪಿ ಬಲ್ಲವರಿಂದ ಅಕ್ಷರಗಳನ್ನು ‘ಕರ್ವ್’ಗೆ ಬದಲಿಸಿ, ಅಂದರೆ ಫಾಂಟಿನ ಹಂಗಿಲ್ಲದ ಗೆರೆಚಿತ್ರವನ್ನಾಗಿ ಮಾಡಿ ಪಿಡಿಎಫ್ ಕೊಡಿಸಿ. ಜೊತೆಗೆ ನಿಜ ಅಳತೆಯ ಮುದ್ರಿತ ಪ್ರತಿ ಒಂದು, ನಾಲ್ಕು ಪಟ್ಟು ದೊಡ್ಡದು ಒಂದು. ಚಿತ್ರದ ಬದಿಯಲ್ಲಿ ಬಾಣ ಹಾಕಿ ‘ನಳಿಗೆಯ ತುದಿ ಈ ಕಡೆ’ ಎಂದು ಮರಾಠಿಯಲ್ಲಿ ಬರೆಯಿರಿ. ಇಲ್ಲದಿದ್ದರೆ ಫಲಕ ತಲೆಕೆಳಗಾಗಿ ಕೂರುವ ಸಂಭವ ಅರ್ಧಕ್ಕರ್ಧ.

ಏನು ಬರೆಸಬೇಕು? ಹೆಸರು, ವರ್ಷ, ಸಾಕು. ‘ಪ್ರೀತಿಯ ಗೆಳೆಯನಿಗೆ’ ಎಂಬಿತ್ಯಾದಿ ಪೆಟ್ಟಿಗೆಯ ಮುಚ್ಚಳಕ್ಕಿರಲಿ. ಕೊಟ್ಟವನ ಹೆಸರು ಕೋವಿಯ ಮೇಲೆ ಬೇಡ. ಸಂಕೋಚದ ಮಾತಿರಲಿ, ಲೈಸೆನ್ಸಿನಲ್ಲಿ ಒಂದು ಹೆಸರು, ಕೋವಿಯ ಮೇಲೆ ಇನ್ನೊಂದು ಹೆಸರಿದ್ದರೆ ತಪಾಸಣೆಯಲ್ಲಿ ಪ್ರತಿ ಸಲವೂ ವಿವರಣೆ ಕೊಡುತ್ತ ನಿಲ್ಲಬೇಕಾದವನು ಅವನು.

4. ಫಲಕ ಮಾಡಿಸುವುದು

ಅಕ್ಕಸಾಲಿಗನಿಗೆ ಕೋವಿಯನ್ನು ತೋರಿಸುವ ಅಗತ್ಯವೇ ಇಲ್ಲ. ಇಡೀ ವಿಧಾನದ ಅನುಕೂಲ ಇರುವುದೇ ಇದರಲ್ಲಿ. ಅವನ ಕೈಗೆ ಹೋಗುವುದು ಚೂರು ಬೆಳ್ಳಿ ಮಾತ್ರ, ಆದ್ದರಿಂದ ಅವನಿಗೆ ಶಸ್ತ್ರ ಪರವಾನಗಿ ಬೇಡ. ಗೆಳೆಯನಿಗೆ ಅಚ್ಚರಿ ಉಳಿಸಬೇಕೆಂದಿದ್ದರೆ ಅದಕ್ಕೂ ಇದೊಂದೇ ದಾರಿ.

ಲಕ್ಷ್ಮಿ ರಸ್ತೆಯಿಂದ ಸೋನ್ಯಾ ಮಾರುತಿ ಚೌಕದವರೆಗಿನ ಸರಾಫರ ಸಾಲಿನ ಹಿಂದೆ, ಮಾಳಿಗೆಗಳಲ್ಲಿ ಕೂತು ಕೈಕೆಲಸ ಮಾಡುವವರು ಸಿಗುತ್ತಾರೆ. 925 ಬೆಳ್ಳಿ ಕೇಳಿ, ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಅಪ್ಪಟ ಬೆಳ್ಳಿ ಮೆತ್ತಗೆ, ಉಜ್ಜಿ ಉಜ್ಜಿ ಅಕ್ಷರ ಬೇಗ ಸವೆಯುತ್ತದೆ. ಹಿತ್ತಾಳೆಯೂ ಆಗುತ್ತದೆ, ಬಣ್ಣ ಕಟ್ಟುತ್ತದೆ ಅಷ್ಟೆ. ದಪ್ಪ ಸುಮಾರು 1 ಮಿಲಿಮೀಟರ್ ಇರಲಿ. ತೀರ ತೆಳುವಾದರೆ ಮರದ ಉಬ್ಬಿಗೆ ಬಗ್ಗಿಸುವಾಗ ಅಕ್ಷರದ ಗೆರೆಯಲ್ಲೇ ಮಡಚುತ್ತದೆ. ಸ್ಟಾಕಿನ ಕೆಳಗಿನ ಅಂಚು ಸಪಾಟಾಗಿರುವುದಿಲ್ಲವಾದ್ದರಿಂದ ಮೊದಲು ಬಗ್ಗಿಸಿ ಆಮೇಲೆ ಕೆತ್ತಬೇಕು. ಆ ಬಾಗು ಎಷ್ಟೆಂದು ತಿಳಿಯಲು ಗೆಳೆಯನ ಮನೆಯಲ್ಲಿ ಒಂದು ದಪ್ಪ ತಂತಿಯನ್ನು ಅವನೆದುರೇ ಸ್ಟಾಕಿಗೆ ಒತ್ತಿ ಆಕಾರ ತೆಗೆದುಕೊಂಡರೆ ಸಾಕು. ಏನಾದರೂ ಸುಳ್ಳು ನೆಪ ಹೇಳಿಕೊಳ್ಳಿ.

ತುಳಶೀಬಾಗಿನ ಪಾತ್ರೆ ಅಂಗಡಿಗಳಲ್ಲಿ ಗುರ್ ಎನ್ನುವ ಯಂತ್ರ ಹಿಡಿದು ಡಬ್ಬಿಗೆ ಹೆಸರು ಬರೆಯುತ್ತಾರಲ್ಲ, ಅದು ಇದಕ್ಕೆ ಆಗದು. ಅದು ಬರೀ ಚುಕ್ಕೆ ಕುಟ್ಟುತ್ತದೆ. ಉಳಿಯಿಂದ ಕೈಯಲ್ಲಿ ಕೆತ್ತಿದ ಗೆರೆ ವಿ ಆಕಾರದಲ್ಲಿ ಲೋಹದೊಳಗಿಳಿದಿರುತ್ತದೆ, ಓರೆಯಾಗಿ ಹಿಡಿದರೆ ಬೆಳಕು ಒಂದೇ ಪಕ್ಕದಲ್ಲಿ ಮಿನುಗುತ್ತದೆ. ಲೇಸರ್ ಅಗ್ಗ, ಅಕ್ಷರದ ಆಕಾರ ಕರಾರುವಾಕ್ಕು. ಆದರೆ ಸಾಮಾನ್ಯ ಲೇಸರ್ ಗುರುತು ಮೇಲ್ಪದರದಲ್ಲೇ ಉಳಿಯುತ್ತದೆ. ಲೇಸರೇ ಆಗಬೇಕೆಂದರೆ ಆಳ ಕೆತ್ತನೆ ಎಂದು ಒತ್ತಿ ಹೇಳಿ. ಎರಡು ಫಲಕ ಮಾಡಿಸಿ, ಒಂದು ಹೆಚ್ಚುವರಿ.

5. ಕೋವಿಗೆ ಕೂರಿಸುವುದು

‘ಮರದ ಕೆಲಸ ತಾನೆ’ ಎಂದು ಬಡಗಿಯ ಬಳಿ ಹೋಗಬೇಡಿ. ಕಾಯ್ದೆಯ ವ್ಯಾಖ್ಯೆಯಲ್ಲಿ ಬಿಡಿಭಾಗಗಳೂ ಬಂದೂಕೇ. ಕೋವಿಯ ದುರಸ್ತಿಗೆ ಪರವಾನಗಿ ಬೇಕು. ಅದಿಲ್ಲದೆ ತಯಾರಿ, ಮಾರಾಟ, ದುರಸ್ತಿ ಮಾಡಿದರೆ 2019ರ ತಿದ್ದುಪಡಿಯ ನಂತರ ಕನಿಷ್ಠ ಏಳು ವರ್ಷದಿಂದ ಜೀವಾವಧಿವರೆಗೆ ಶಿಕ್ಷೆ. ಅಂಗಡಿಯವರ ಪರವಾನಗಿಯಲ್ಲಿ ಮಾರಾಟದ ಜೊತೆ ದುರಸ್ತಿಯೂ ಸೇರಿದೆಯೇ ಎಂದು ಕೇಳಿಯೇ ಕೋವಿ ಕೊಡಿ. ಅವರು ಪುಸ್ತಕದಲ್ಲಿ ನಮೂದಿಸಿ ರಸೀದಿ ಕೊಡಬೇಕು.

ಅಂಗಡಿಗೆ ಕೋವಿ ಒಯ್ಯುವವರು ಯಾರು? ಲೈಸೆನ್ಸ್‌ದಾರನ ಸಮ್ಮುಖದಲ್ಲಿ, ಅಥವಾ ಅವನ ಬರಹದ ಅಧಿಕಾರಪತ್ರದ ಮೇಲೆ, ಬೇರೆಯವರು ದುರಸ್ತಿಗೆ ಒಯ್ಯಲು 3ನೇ ಕಲಮಿನಲ್ಲಿ ಅವಕಾಶವಿದೆ. ಆದರೂ ನನ್ನ ಸಲಹೆ, ಅವನೇ ಬರಲಿ. ವಿನಾಯಿತಿಯ ಕೋವಿಯಾದರಂತೂ ಅಲ್ಲಿ ಲೈಸೆನ್ಸ್‌ದಾರನೆಂಬವನೇ ಇಲ್ಲವಾದ್ದರಿಂದ ಈ ದಾರಿಯನ್ನು ನೆಚ್ಚಬೇಡಿ. ಅಚ್ಚರಿಯ ಆಸೆ ಇಲ್ಲಿಗೆ ಮುಗಿಯಿತು. ಫಲಕವನ್ನು ಮೊದಲು ಕೈಗಿಟ್ಟು, ಇಬ್ಬರೂ ಸೇರಿ ಅಂಗಡಿಗೆ ಹೋಗುವುದೇ ಸರಿ. ಕೊರಿಯರ್, ಬಸ್ ಪಾರ್ಸೆಲ್ ಯಾವುದೂ ಬೇಡ. ಮನೆಯಿಂದ ಹೊರಡುವ ಮುನ್ನ ನಳಿಗೆ ತೆರೆದು ಇಬ್ಬರೂ ನೋಡಿ. ಕೇಪಿನ ಕೋವಿಯಾದರೆ, ಅಂದರೆ ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಬಗೆಯದಾದರೆ, ಗಜಕಡ್ಡಿ ಇಳಿಸಿ ಒಳಗೆ ಮದ್ದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಅಟ್ಟದ ಮೇಲೆ ವರ್ಷಗಟ್ಟಲೆ ಇದ್ದ ಕೇಪಿನ ಕೋವಿಯೊಳಗೆ ತುಂಬಿದ ಮದ್ದು ಹಾಗೇ ಉಳಿದಿರುವುದುಂಟು.

ಕುಶಲಿ ಫಲಕದ ಅಂಚಿನುದ್ದಕ್ಕೆ ಮರ ಗೀಚಿ, ದಪ್ಪಕ್ಕಿಂತ ಕೂದಲೆಳೆಯಷ್ಟು ಕಡಿಮೆ ಆಳ ಕೊರೆದು, ಫಲಕ ಕೂರಿಸಿದ ಮೇಲೆ ಮರದ ಮಟ್ಟಕ್ಕೆ ಉಜ್ಜುತ್ತಾನೆ. ಬರೀ ಅಂಟಿನ ಮೇಲೆ ನಂಬಿಕೆ ಬೇಡ. ಹಿಂದೆ ಬೆಸೆದ ಎರಡು ಪುಟ್ಟ ಮೊಳೆ ಇರಲಿ. ಮಳೆಗಾಲದಲ್ಲಿ ಮರ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಪುಣೆಯ ಏಪ್ರಿಲ್‌ನಲ್ಲಿ ಕೂರಿಸಿದ್ದು ಮಡಿಕೇರಿಯ ಜುಲೈಯಲ್ಲಿ ಎದ್ದುಬರುವುದು ಈ ಕಾರಣಕ್ಕೆ.

ಅಂಗಡಿಯಲ್ಲಿರುವಾಗಲೇ ಇನ್ನೊಂದು ಕೇಳಿ: ಸ್ಟಾಕಿನ ಉದ್ದ ಗೆಳೆಯನ ತೋಳಿಗೆ ಹೊಂದುತ್ತದೆಯೇ? ಟ್ರಿಗರಿನಿಂದ ಹಿಂಬದಿಯ ನಡುವಿನವರೆಗಿನ ಈ ಅಳತೆ ತೋಟಾ ಕೋವಿಗಳಲ್ಲಿ ಸಾಮಾನ್ಯವಾಗಿ 14ರಿಂದ 14½ ಅಂಗುಲ. ಆರಡಿ ಆಳಿಗೆ ಅದು ಮೋಟು. ಹಿಂತುದಿಗೆ ಸೂಕ್ತ ದಪ್ಪದ ರಬ್ಬರ್ ಪ್ಯಾಡ್ ಹಾಕಿಸಿದರೆ ಕೋವಿ ನಿಜಕ್ಕೂ ಅವನದಾಗುತ್ತದೆ, ಹೆಸರಿಗಿಂತ ಹೆಚ್ಚಾಗಿ.

6. ಮರಕ್ಕೆ ಎಣ್ಣೆ

ಹಳೆಯ ವಾರ್ನಿಶ್ ಸಿಪ್ಪೆಯೆದ್ದಿದ್ದರೆ ಮಾತ್ರ ತೆಗೆಸಿ, ಇಲ್ಲದಿದ್ದರೆ ಬಿಡಿ. ತೆಗೆಸಿದರೆ ಕುದಿಸಿದ ಅಗಸೆ ಎಣ್ಣೆಯನ್ನು ಅಂಗೈಯಲ್ಲಿ ಎರಡು ಮೂರು ಹನಿ ಹಾಕಿಕೊಂಡು ಬಿಸಿಯಾಗುವಂತೆ ತಿಕ್ಕಬೇಕು, ಹೆಚ್ಚಾದದ್ದನ್ನು ಒರೆಸಿ ಒಂದು ದಿನ ಬಿಡಬೇಕು, ಮತ್ತೆ ತಿಕ್ಕಬೇಕು. ದಪ್ಪಗೆ ಬಳಿದರೆ ಅಂಟಂಟಾಗಿಯೇ ಉಳಿಯುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಾದ ಬಟ್ಟೆ ತಾನೇ ಹೊತ್ತಿಕೊಳ್ಳಬಲ್ಲದು. ನೀರಿನಲ್ಲಿ ನೆನೆಸಿಡಿ, ಇಲ್ಲವೇ ಬಾಲ್ಕನಿಯಲ್ಲಿ ಬಿಡಿಸಿ ಒಣಹಾಕಿ.

7. ಲೋಹದ ಮೇಲೇ ಆಗಬೇಕೆನ್ನುವವರಿಗೆ

ಬೇಡ ಎನ್ನುವುದೇ ನನ್ನ ಉತ್ತರ. ಬ್ಲೂಯಿಂಗ್, ಅಂದರೆ ತುಕ್ಕು ತಡೆಯಲು ಉಕ್ಕಿಗೆ ಕೊಟ್ಟ ಕಪ್ಪುನೀಲಿ ಪದರ, ಕೆತ್ತಿದ ಕಡೆಯೆಲ್ಲ ಹರಿಯುತ್ತದೆ. ಅಲ್ಲಿ ಮತ್ತೆ ಪದರ ಕೊಡಿಸಬೇಕು. ಆಗ ಅಂಗಡಿಯವರು ಇಡೀ ಕೋವಿಗೇ ಹೊಸ ಬ್ಲೂಯಿಂಗ್ ಮಾಡೋಣ ಎನ್ನುತ್ತಾರೆ. ಜೋಡಿ ನಳಿಗೆ ಕೋವಿಯಾದರೆ ಇಲ್ಲಿ ಎಚ್ಚರ ಬೇಕು. ಎರಡು ನಳಿಗೆಗಳ ನಡುವಿನ ಪಟ್ಟಿಯನ್ನು ಹೆಚ್ಚಾಗಿ ಸೀಸ-ತವರದ ಬೆಸುಗೆಯಿಂದ ಕೂಡಿಸಿರುತ್ತಾರೆ. ಕುದಿಯುವ ಕ್ಷಾರದ ತೊಟ್ಟಿಯಲ್ಲಿ ಮುಳುಗಿಸಿದರೆ ಆ ಬೆಸುಗೆಯನ್ನು ಕ್ಷಾರ ತಿನ್ನುತ್ತದೆ, ಒಳಗುಳಿದ ಉಪ್ಪು ವರ್ಷಗಳ ನಂತರ ತುಕ್ಕಾಗಿ ಹೊರಬರುತ್ತದೆ. ಅಂಥ ಕೋವಿಗೆ ನಿಧಾನದ ರಸ್ಟ್ ಬ್ಲೂಯಿಂಗ್, ಅಂದರೆ ತೆಳುವಾಗಿ ತುಕ್ಕು ಹಿಡಿಸಿ ಅದನ್ನೇ ಕಪ್ಪು ಪದರವಾಗಿಸುವ ವಿಧಾನ, ಮಾತ್ರ ಸರಿ. ಅದು ಬಲ್ಲವರಿಲ್ಲದಿದ್ದರೆ ಮುಟ್ಟಿಸಬೇಡಿ. ಅಜ್ಜನ ಕಾಲದ ಕೋವಿಯ ಮಾಸಿದ ಬಣ್ಣ ಮಾಸಿದ ಹಾಗೇ ಚೆನ್ನ.

8. ಲೈಸೆನ್ಸೇ ಇಲ್ಲದ ಗೆಳೆಯನಾದರೆ

ಏರ್ ರೈಫಲ್ ಕೊಡಿ. ಬೋರ್ 0.177 ಅಂಗುಲ ಮೀರದ, ಶಕ್ತಿ 20 ಜೂಲ್ ಮೀರದ ಏರ್ ಗನ್‌ಗಳಿಗೆ ಲೈಸೆನ್ಸ್ ಬೇಡ. ಅಂಗಡಿಯವರು ವಯಸ್ಸಿನ ಮತ್ತು ಗುರುತಿನ ದಾಖಲೆ ಕೇಳುತ್ತಾರೆ. ಬಿಲ್ಲಿನಲ್ಲಿ ಬೋರ್, ಶಕ್ತಿ ಎರಡನ್ನೂ ಬರೆಸಿಕೊಳ್ಳಿ, ದಾರಿಯಲ್ಲಿ ಯಾರಾದರೂ ನಿಲ್ಲಿಸಿದರೆ ತೋರಿಸಲು ಅದೇ ಆಧಾರ. ಮೇಲೆ ಹೇಳಿದ ಫಲಕದ ವಿಧಾನವೆಲ್ಲ ಇದಕ್ಕೂ ಒಪ್ಪುತ್ತದೆ. ಪುಣೆ, ಮುಂಬಯಿಯಲ್ಲಿ ಇದನ್ನು ಕಲಿಯುವುದಕ್ಕೂ ಜಾಗವಿದೆ: ಬಾಲೇವಾಡಿಯ ಕ್ರೀಡಾಸಂಕೀರ್ಣದಲ್ಲಿ ಶೂಟಿಂಗ್ ರೇಂಜ್ ಇದೆ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿ, 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ 10 ಮೀಟರ್ ಏರ್ ರೈಫಲ್ ಫೈನಲ್ ತಲುಪಿದ ಸುಮಾ ಶಿರೂರು ತರಬೇತಿ ಕೊಡುವುದು ನವಿ ಮುಂಬಯಿ ಕಡೆ. ಸ್ಪರ್ಧೆಗೆ ಇಳಿದವನಾದರೆ ಸ್ಟಾಕಿಗೆ ಏನನ್ನೂ ಸೇರಿಸುವ ಮುನ್ನ ಅವನ ಕೋಚನ್ನು ಕೇಳಿ. ತೂಕ, ಆಕಾರಕ್ಕೆಲ್ಲ ಅಲ್ಲಿ ನಿಯಮಗಳಿವೆ.

9. ಪೆಟ್ಟಿಗೆ ಮತ್ತು ದಾಖಲೆ

ಚರ್ಮದ ಚೀಲ, ಮಖಮಲ್ಲಿನ ಪೆಟ್ಟಿಗೆ ಕೊಡುವಾಗ ಚಂದ, ಕೋವಿ ಇಡಲು ಕೆಟ್ಟದ್ದು. ಎರಡೂ ತೇವ ಹಿಡಿಯುತ್ತವೆ. ಮುಂಬಯಿ, ಗೋವಾದ ಮಳೆಗಾಲದಲ್ಲಿ ಒಂದು ತಿಂಗಳು ಮುಚ್ಚಿಟ್ಟರೆ ನಳಿಗೆಯ ಮೇಲೆ ಮಖಮಲ್ಲಿನ ಅಚ್ಚೇ ತುಕ್ಕಾಗಿ ಮೂಡುತ್ತದೆ. ಪೆಟ್ಟಿಗೆ ಸಾಗಿಸಲು, ಬೀಗವಿರುವ ಉಕ್ಕಿನ ಕಪಾಟು ಇಡಲು. ಬೆಳ್ಳಿಗೆ ಪಾಲಿಶ್ ಹಚ್ಚುವಾಗ ಸುತ್ತಲಿನ ಮರಕ್ಕೆ ಟೇಪು ಅಂಟಿಸಿಕೊಳ್ಳಲು ಹೇಳಿ, ಇಲ್ಲದಿದ್ದರೆ ಬಿಳಿ ಪುಡಿ ಮರದ ರಂಧ್ರದಲ್ಲಿ ಕೂತುಬಿಡುತ್ತದೆ. ನೆನಪಿಗೆಂದು ಪೆಟ್ಟಿಗೆಯೊಳಗೆ ಜೀವಂತ ತೋಟಾ ಜೋಡಿಸಿ ಕೊಡುವ ಶೋಕಿ ಬೇಡ.

ಕೆಲಸ ಮುಗಿದ ಮೇಲೆ ಕ್ರಮಸಂಖ್ಯೆ, ಪ್ರೂಫ್ ಮುದ್ರೆ ಮತ್ತು ಫಲಕ ಮೂರೂ ಕಾಣುವಂತೆ ಫೋಟೊ ತೆಗೆದು, ಅಂಗಡಿಯ ರಸೀದಿಯೊಂದಿಗೆ ಗೆಳೆಯನಿಗೆ ಕೊಡಿ. ಇದು ಬೇಕಾಗುವುದು ಚುನಾವಣೆ ಬಂದಾಗ. ನೀತಿಸಂಹಿತೆ ಜಾರಿಯಾದರೆ ಕೋವಿಗಳನ್ನು ಠಾಣೆಯಲ್ಲಿ ಒಪ್ಪಿಸಲು ಆದೇಶ ಬರುವುದುಂಟು, ಹತ್ತಾರು ಕೋವಿಗಳು ಒಂದೇ ಕೋಣೆಯಲ್ಲಿ ಒರಗಿರುತ್ತವೆ. ಹಾಗಾಗಿ ನಿಮ್ಮ ಉಡುಗೊರೆಯ ದಿನವನ್ನೂ ಚುನಾವಣೆಯ ಕಾಲ ಬಿಟ್ಟು ಗೊತ್ತುಮಾಡಿ. ಒಪ್ಪಿಸುವ ಸಂದರ್ಭ ಬಂದಾಗ ಠಾಣೆಯ ರಸೀದಿಯಲ್ಲಿ ಕ್ರಮಸಂಖ್ಯೆಯ ಪಕ್ಕದಲ್ಲೇ ‘ಸ್ಟಾಕಿನ ಕೆಳಗೆ ಬೆಳ್ಳಿ ಫಲಕ, ಕನ್ನಡ ಅಕ್ಷರ’ ಎಂದು ಬರೆಸಿಕೊಳ್ಳಲು ಗೆಳೆಯನಿಗೆ ಈಗಲೇ ಹೇಳಿಡಿ.